ಪೊನ್ಮಲರ್ ಹಾಡದ ಜೋಗುಳ

ಆಂಧ್ರದ ಗಡಿಯಲ್ಲಿರುವ ಹಿಂದೂಪುರದ ಮುದ್ದಿರೆಡ್ಡಿಪಲ್ಲಿಯಲ್ಲಿ ಶೋಭಾರಾಣಿಯ ಮನೆ ಯಾವುದೆಂದು ಯಾರನ್ನು ಕೇಳಿದರೂ, "ಆ ತಮಿಳು ಹಾಡಿನ ಮನೆಯಾ?" ಎನ್ನುತ್ತಾ ಕೈ ತೋರಿಸುತ್ತಾರೆ. ಬೀದಿಯುದ್ದಕ್ಕೂ ಪವರ್‌ಲೂಮ್‌ಗಳ ಸದ್ದು. ಆ ಸದ್ದನ್ನೂ ಮೀರಿ ಕೇಳಬೇಕೆಂದು ಫೋನಿಗೊಂದು ಸ್ಪೀಕರ್ ಜೋಡಿಸಿಕೊಂಡು, ಜಗಲಿಯ ಮೇಲೆ ಕೂತು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಗಂಡ ಸಾಯಿಕುಮಾರ್ ಒಳಗೆ ಮಗ್ಗ ನಡೆಸುತ್ತಾನೆ. ಎದುರುಮನೆಯ ಆದೆಮ್ಮ ತನ್ನ ಪಾಲಿನ ಸೀರೆಗಳನ್ನು ಹೊತ್ತುಕೊಂಡು ಇಲ್ಲಿಗೇ ಬರುತ್ತಾಳೆ. ಆದೆಮ್ಮನಿಗೆ ತಮಿಳು ಬರುವುದಿಲ್ಲ, ಆದರೂ ಸಿನಿಮಾ ಗಾಯಕಿ ಪೊನ್ಮಲರ್ ಹಾಡಿದ ಹಾಡುಗಳಲ್ಲಿ ಅರ್ಧದಷ್ಟು ಬಾಯಿಪಾಠ.

ಶೋಭಾಗೆ ತಮಿಳು ಬಂದದ್ದು ಪೊನ್ಮಲರ್‌ಳಿಂದಲೇ. ಶೋಭಾ ಚಿಕ್ಕವಳಿದ್ದಾಗ ಅಪ್ಪ ಶಂಕರಯ್ಯ ಇಲ್ಲಿನ ಮಗ್ಗ ಬಿಟ್ಟು, ಸಂಸಾರ ಸಮೇತ ತಮಿಳುನಾಡಿನ ಆರಣಿಗೆ ಹೋಗಿ ಅಲ್ಲೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯ್ದ. ಆ ಮಗ್ಗದ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ರೇಡಿಯೋ. ಪಕ್ಕದ ಮನೆಯವರು ಏನು ಕೇಳುತ್ತಿದ್ದಾರೆಂದು ಅರ್ಥವಾಗುವ ಮೊದಲೇ ಪೊನ್ಮಲರ್ ಏನು ಹೇಳುತ್ತಿದ್ದಾಳೆಂದು ಆ ಮಗುವಿಗೆ ಅರ್ಥವಾಗತೊಡಗಿತ್ತು. ಅವಳ ಅಮ್ಮನಂತೂ ಸಿನಿಮಾ ಹಾಡಿನ ಮಾತುಗಳಲ್ಲೇ ಬದನೆಕಾಯಿ ಚೌಕಾಸಿ ಮಾಡಿ ಇಡೀ ಸಂತೆಯನ್ನು ನಗಿಸುತ್ತಿದ್ದಳಂತೆ. ಮದುವೆಯಾಗಿ ಹಿಂದೂಪುರಕ್ಕೆ ಮರಳಿದಾಗ ಶೋಭಾ ಆರಣಿಯಿಂದ ತಂದದ್ದು ಒಂದು ಟ್ರಂಕು ಮತ್ತು ಆ ದನಿ.

ಪೊನ್ಮಲರ್ ತೀರಿಕೊಂಡ ದಿನ ಶೋಭಾ ಸೂಜಿ ಮುಟ್ಟಲಿಲ್ಲ. ಫೋನಿನಲ್ಲಿ ಪಾರ್ಥಿವ ಶರೀರದ ಮೆರವಣಿಗೆ ನೋಡುತ್ತಾ ಕೂತಿದ್ದಳು. ಅದಾದ ಮೇಲೆ ಮಧುರೈಯ ಯಾರೋ ನಡೆಸುತ್ತಿದ್ದ 'ಪೊನ್ಮಲರ್ ಗಾನಸಭೆ' ಎಂಬ ವಾಟ್ಸಾಪ್ ಗುಂಪಿಗೆ ಸೇರಿಕೊಂಡಳು. ತಮಿಳುನಾಡಿನವರೇ ತುಂಬಿದ್ದ ಆ ಗುಂಪಿನಲ್ಲಿ ಅವಳಿಗೆ 'ಹಿಂದೂಪುರದಕ್ಕ' ಎಂದೇ ಹೆಸರು.

ಹೀಗಿರುವಾಗ ಹೊಸದೊಂದು ತಮಿಳು ಚಿತ್ರದ ಹಾಡುಗಳು ಬಂದವು. ಚಿತ್ರದ ಹೆಸರು 'ಉಪ್ಪುಕ್ಕಾಟ್ರು', ಅಂದರೆ ಉಪ್ಪುಗಾಳಿ. ಹಾಡುಗಳಿಗಿಂತ ವಾರ ಮುಂಚೆ ಬಂದದ್ದು ಜಾಹೀರಾತು: ಕಪ್ಪು ಪರದೆ, ನಡುವೆ ಪೊನ್ಮಲರ್‌ಳ ಹಳೆಯ ಫೋಟೋ, ಕೆಳಗೆ 'ಆ ದನಿ ಮರಳಿ ಬಂದಿದೆ' ಎಂಬ ಸಾಲು. ಯಾರು ಹಾಡಿದರು, ಹೇಗೆ ಹಾಡಿದರು ಎಂಬುದಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ್ದಾರೆಂದು ಜನ ತಾವೇ ಅಂದುಕೊಂಡರು. ಹಾಡುಗಳನ್ನು ಹೊರತಂದ ಕಂಪನಿಯವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಹಾಡುಗಳು ಬಿಡುಗಡೆಯಾದ ದಿನ ಶೋಭಾ ಎಲ್ಲವನ್ನೂ ಕೇಳಿದಳು. ಕೊನೆಯ ಹಾಡು ಮುಗಿದಾಗ ಕುಚ್ಚಿನ ದಾರವನ್ನು ಹಲ್ಲಿನಲ್ಲಿ ಕಡಿದು ಉಗಿದು, ಗುಂಪಿಗೆ ಒಂದು ವಾಯ್ಸ್ ಮೆಸೇಜು ಮಾಡತೊಡಗಿದಳು. ತಮಿಳಿನಲ್ಲಿ ಶುರುವಾದ ಮಾತು ಸಿಟ್ಟೇರಿದಂತೆ ತೆಲುಗಿಗೆ ಹೊರಳಿ, ಕಡೆಗೆ ಮನೆಯ ಕನ್ನಡದಲ್ಲೇ ನಿಂತಿತು.

"ಮೊದಲ್ನೇ ಹಾಡು ಹೀರೋ ಬರೋದು. ಮೆಟ್ಲು ಮ್ಯಾಗಳಿಂದ ಖಾಲಿ ಡಬ್ಬ ಉಳ್ಳಿಸಿದಂಗೈತೆ. ಹೋಗ್ಲಿ, ಹುಡುಗ್ರು ಕುಣೀತಾರೆ. ಎರಡ್ನೇದು ಶುರುವಿನಾಗೆ ಚೆನ್ನಾಗೈತೆ, ಚರಣ ಬರೋ ಹೊತ್ತಿಗೆ ಮ್ಯೂಜಿಕ್ ಡೈರೆಕ್ಟ್ರು ಉಣ್ಣಾಕೆ ಎದ್ದೋದಂಗೈತೆ. ದೋಣಿ ಹಾಡು ಮಾತ್ರ, ಸುಳ್ಳು ಯಾಕೆ ಹೇಳ್ಲಿ, ಬಾಳ ಚೆನ್ನಾಗೈತೆ. ನಾದಸ್ವರ ಬಂದಾಗ ನನ್ ಸೂಜಿ ನಿಂತೋಯ್ತು. ಆದ್ರೆ ಆ ಜೋಗುಳ! ಸಿಗ್ಗು ಲೇದಾ ನಿಮ್ಗೆ? ಪೊನ್ಮಲರಮ್ಮ ಜೋಗುಳ ಹಾಡಿದ್ರೆ ಅವ್ಳಿಗೇ ಅರ್ಧ ನಿದ್ದೆ ಬಂದಿರ್ತಿತ್ತು. ಮನೆ ಕೆಲ್ಸ ಮುಗ್ಸಿ ಸಾಕಾಗಿರೋ ತಾಯಿ ದನಿ ಅದು. ಇದು ಪ್ರೈಜ್ ತಗಳಾಕೆ ನಿಂತಂಗೈತೆ. ಇದು ಮಿಷನ್ನು. ಮಿಷನ್ನಿಗೆ ಎದೆ ಎಲ್ಲೈತೆ? ಸತ್ತೋಳ ಬಾಯಿಗೆ ಅಕ್ಕಿಕಾಳು ಹಾಕಿ ಕಳಿಸಿದ್ ಮ್ಯಾಕೆ ಆ ಬಾಯ್ನ ಮತ್ತೆ ತೆಗೆಸ್ತೀರಲ್ಲ, ನೀವು ಮನುಷ್ಯರಾ?"

ಗುಂಪಿನಲ್ಲಿದ್ದ ಯಾರೋ ಆ ಮಾತನ್ನು ತೆಗೆದು, ಪೊನ್ಮಲರ್‌ಳ ಫೋಟೋದ ಮೇಲೆ ಅಂಟಿಸಿ, ಕೆಳಗೆ ತಮಿಳಿನ ಅನುವಾದ ಹಾಕಿ ಯೂಟ್ಯೂಬಿಗೆ ಬಿಟ್ಟರು. ಅದು ಹಾಡಿಗಿಂತ ಜೋರಾಗಿ ಓಡಿತು. ಅಕ್ಕಿಕಾಳಿನ ಮಾತನ್ನು ಜನ ಬರೆದು ಹಂಚಿಕೊಂಡರು. 'ಈ ತಾಯಿಯ ಕಾಲಿಗೆ ನಮಸ್ಕಾರ' ಎಂದರು ಕೆಲವರು. 'ತೆಲುಗು ಹೆಂಗಸಿಗೆ ತಮಿಳು ಸಂಗೀತದ ಉಸಾಬರಿ ಯಾಕೆ' ಎಂದರು ಇನ್ನು ಕೆಲವರು. ಪರಿಗಿಯಿಂದ ಸೀರೆ ತರುವ ವ್ಯಾಪಾರಿ ಕೂಡ, "ಅಮ್ಮಾ, ಅದು ನಿಮ್ದೇ ಗೊಂತಾ?" ಎಂದು ಅವಳ ದನಿ ಗುರುತಿಸಿ ಬೆರಗಾಗಿ ಕೇಳಿದ. ಶೋಭಾಗೆ ಒಳಗೊಳಗೇ ಹೆಮ್ಮೆಯಾಯಿತು. ಆದೆಮ್ಮ ಬಂದು ಕೂತಾಗಲೆಲ್ಲ, "ಇನ್ನೊಂದ್ ಸಲ ಹಾಕೇ," ಎಂದು ಅದನ್ನೇ ಕೇಳುತ್ತಿದ್ದಳು. ಶೋಭಾ ಬೇಡವೆನ್ನುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ವಾಯ್ಸ್ ಮೆಸೇಜು ಬಂತು. ಒತ್ತಿದರೆ ಹಲೋ ಇಲ್ಲ, ನಮಸ್ಕಾರವಿಲ್ಲ. ವಾದ್ಯವಿಲ್ಲದೆ, ಬರೀ ದನಿಯಲ್ಲಿ, ಆ ಜೋಗುಳದ ಮೊದಲ ಸಾಲು. ಹಿಂದೆ ಎಲ್ಲೋ ಕುಕ್ಕರ್ ಸೀಟಿ ಹೊಡೆಯಿತು. ಸಾಲು ಮುಗಿದ ಮೇಲೆ ಅದೇ ದನಿ ತಮಿಳಿನಲ್ಲಿ ಹೇಳಿತು: "ಅಕ್ಕಾ, ಇದು ನಾನು. ಮಿಷನ್ ಅಲ್ಲ. ನನಗೂ ಎದೆ ಇದೆ."

ಶೋಭಾ ಕೈಯಲ್ಲಿದ್ದ ಸೀರೆಯನ್ನು ಆದೆಮ್ಮನ ಮಡಿಲಿಗೆ ಹಾಕಿ ಎದ್ದುನಿಂತಳು. ಹಿತ್ತಲಿಗೆ ಹೋಗಿ ಆ ನಂಬರಿಗೆ ಫೋನ್ ಮಾಡಿದಳು.

ಆ ಕಡೆ ಇದ್ದವಳು ದಿಂಡುಕ್ಕಲ್ ಕಡೆಯ ಹಳ್ಳಿಯೊಂದರ ಹುಡುಗಿ. ಗುಡಿ ಹಬ್ಬ, ಮದುವೆಗಳಲ್ಲಿ ಹಾಡುವವಳು. ಶೋಭಾಳ ನಂಬರು ಅವಳಿಗೆ ಗಾನಸಭೆಯ ಗುಂಪಿನವರೊಬ್ಬರಿಂದ ಸಿಕ್ಕಿತ್ತು. ಪೊನ್ಮಲರ್ ಥರ ಹಾಡುತ್ತಾಳೆಂದು ಅವಳ ಊರಿನವರೇ ಹಾಕಿದ ವೀಡಿಯೋ ನೋಡಿ ಕಂಪನಿಯವರು ಕರೆಸಿದ್ದರು. ಎರಡು ದಿನ ರೆಕಾರ್ಡಿಂಗ್ ಕೋಣೆಯಲ್ಲಿ ನಿಲ್ಲಿಸಿ, 'ನಿನ್ನ ಹಾಗೆ ಬೇಡ, ಅವಳ ಹಾಗೆ, ಇನ್ನೂ ಅವಳ ಹಾಗೆ' ಎಂದು ಹಾಡಿಸಿದರು. ಹಾಡು ಬಂದಾಗ ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಕೇಳಿದರೆ, 'ನೀನು ಯಾರಿಗೂ ಹೇಳುವುದಿಲ್ಲ ಎಂದು ಮೊದಲೇ ಸಹಿ ಹಾಕಿದ್ದೀಯಲ್ಲ' ಎಂದರಂತೆ.

"ಅಮ್ಮ ಮೊನ್ನೆ ಬಸ್ಸಿನಲ್ಲಿ ಹೋಗುವಾಗ ಡ್ರೈವರ್ ಆ ಹಾಡು ಹಾಕಿದನಕ್ಕಾ," ಎಂದಳು ಹುಡುಗಿ. "ಅಮ್ಮನಿಗೆ ತಡೆಯಲಾಗಲಿಲ್ಲ. ಇದು ನನ್ನ ಮಗಳು ಅಂದುಬಿಟ್ಟಳು. ಬಸ್ಸಿನವರೆಲ್ಲ ನಕ್ಕರು. ಪಕ್ಕದಲ್ಲಿ ಕೂತವಳು ತನ್ನ ಫೋನಿನಲ್ಲಿ ನಿಮ್ಮ ಮಾತು ಹಾಕಿ ತೋರಿಸಿದಳು. ಮಿಷನ್ನಿಗೆ ಎದೆ ಎಲ್ಲಿದೆ ಅಂತ ಕೇಳಿದ್ದೀರಲ್ಲ, ಅದನ್ನು."

"ನನ್ ಬಾಯಿಗೆ ಮಣ್ಣಾಕ," ಎಂದಳು ಶೋಭಾ ಕನ್ನಡದಲ್ಲಿ. ಆ ಮೇಲೆ ತಮಿಳಿಗೆ ಹೊರಳಿ, ನಿನ್ನ ಹೆಸರು ಹೇಳು, ಈಗಲೇ ಇಡೀ ಲೋಕಕ್ಕೆ ಕೂಗಿ ಹೇಳುತ್ತೇನೆ ಎಂದಳು. ಹುಡುಗಿ ಹೆಸರು ಹೇಳಿದಳು. ಹೇಳಿದ ಕೂಡಲೇ ಹೆದರಿದಳು.

"ಬೇಡಕ್ಕಾ. ಹೆಸರು ಯಾರಿಗೂ ಹೇಳಬೇಡಿ. ಕೋರ್ಟಿಗೆ ಎಳೆಯುತ್ತೇವೆ ಅಂದಿದ್ದಾರೆ. ನೀವು ಒಬ್ಬರು ತಿಳಿದುಕೊಂಡರೆ ಸಾಕು. ನನ್ನಾಣೆ."

ಶೋಭಾ ಮಾತು ಕೊಟ್ಟಳು. ಆ ಹೆಸರು ಈ ಬರಹದಲ್ಲೂ ಇಲ್ಲದಿರುವುದು ಅದಕ್ಕೇ.

ಅವತ್ತಿನಿಂದ ಶೋಭಾಳ ಸಿಟ್ಟು ದಿಕ್ಕು ಬದಲಿಸಿತು. ಮೊದಲು ಅದು ಶೋಭಾಳ ಮೇಲೇ ತಿರುಗಿತು. ಯಾರ ಹಾಡನ್ನು ಪ್ರಾಣವಿಲ್ಲದ್ದು ಎಂದು ಊರೂರಿಗೆ ಸಾರಿದ್ದಳೋ ಅವಳು ಕುಕ್ಕರ್ ಇಟ್ಟು ಅಡಿಗೆ ಮಾಡುವ ಹುಡುಗಿ. ಜೋಗುಳವನ್ನು ಮತ್ತೆ ಹಾಕಿ ಕೇಳಿದಳು. ಅದು ಈಗಲೂ ಇಷ್ಟವಾಗಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. ಆ ಹುಡುಗಿ ತನ್ನದೇ ದನಿಯಲ್ಲಿ ಹಾಡಿದ್ದರೆ ಚೆನ್ನಾಗಿಯೇ ಇರುತ್ತಿತ್ತೇನೋ. ಅವಳಿಂದ ಅವಳನ್ನೇ ಹಿಂಡಿ ತೆಗೆದು ಖಾಲಿ ಮಾಡಿ ಹಾಡಿಸಿದ್ದಾರೆ, ಆ ಮೇಲೆ ಆ ಖಾಲಿಗೆ ಸತ್ತವಳ ಫೋಟೋ ಅಂಟಿಸಿದ್ದಾರೆ ಎಂದು ಅವಳಿಗೆ ಅನಿಸಿತು.

ಗುಂಪಿಗೆ ಎರಡನೆಯ ಮೆಸೇಜು ಕಳಿಸಿದಳು. "ನಾನ್ ತಪ್ಪು ಹೇಳ್ದೆ. ಅದು ಮಿಷನ್ನಲ್ಲ, ಜೀವ ಇರೋ ಮನುಷ್ಯಳು. ನನ್ ಮಾತಿಂದ ಅವ್ಳಿಗೆ ನೋವಾಗೈತೆ, ಕೈ ಮುಗಿದು ಕೇಳ್ತೀನಿ, ಕ್ಷಮಿಸ್ಬೇಕು. ಕಂಪ್ನಿಯೋರು ಅವ್ಳ ಹೆಸ್ರು ಹಾಕ್ಬೇಕು. ನಾವೆಲ್ಲ ಕೇಳಾನ."

ಮೊದಲ ಮಾತನ್ನು ಹೊತ್ತು ಮೆರೆಸಿದವರು ಎರಡನೆಯದನ್ನು ಮುಟ್ಟಲಿಲ್ಲ. ಹೆಸರು ಹೇಳಿ ನೋಡೋಣ ಎಂದರು. ಹೇಳುವ ಹಾಗಿಲ್ಲ ಎಂದಾಗ, ಕಂಪನಿಯವರು ಅಕ್ಕನ ಬಾಯಿ ಮುಚ್ಚಿಸಿದ್ದಾರೆ ಎಂದರು. ಮಧುರೈಯ ಅಡ್ಮಿನ್ ನಯವಾಗಿ ಬರೆದ: ಜನ ಪೊನ್ಮಲರಮ್ಮನ ದನಿ ಎಂದು ಕೇಳಿ ಕಣ್ಣೀರು ಹಾಕುತ್ತಿದ್ದಾರೆ, ಯಾರೋ ಒಬ್ಬಳು ಎಂದು ಹೇಳಿ ಆ ಭಾವನೆ ಕೆಡಿಸಬೇಡಿ. ಶೋಭಾ ಬಿಡಲಿಲ್ಲ. "ಯಾರೋ ಒಬ್ಳು ಅಂದ್ರೆ ಏನಪ್ಪಾ? ಪೊನ್ಮಲರಮ್ಮನೂ ಮೊದ್ಲು ಯಾರೋ ಒಬ್ಳೇ ಅಲ್ವಾ?" ಎಂದು ಕಳಿಸಿದಳು. ಸಂಜೆ ನೋಡಿದರೆ ಅವಳನ್ನು ಗುಂಪಿನಿಂದ ತೆಗೆದಿದ್ದರು.

ಅವತ್ತು ಅನ್ನ ಹೊತ್ತಿತು, ಸಾರಿಗೆ ಉಪ್ಪಿರಲಿಲ್ಲ. ಸಾಯಿಕುಮಾರ್ ತಟ್ಟೆಯ ಮುಂದೆ ಕೂತು, "ಒಂದು ಹಾಡ್ಗೋಸ್ಕರ ಇಷ್ಟು ಯಾಕಮ್ಮ? ಯಾವ್ದೋ ಊರು, ಯಾವ್ದೋ ಹುಡ್ಗಿ," ಎಂದ.

ಶೋಭಾ ಸೌಟನ್ನು ಪಾತ್ರೆಗೆ ಬಡಿದಳು. "ನಿನ್ ಸೀರೆನ ಆ ಅಂಗ್ಡಿಯೋನು ಕಂಚಿ ಸೀರೆ ಅಂತ ಬೋರ್ಡು ಹಾಕಿ ಇಟ್ಟಿದ್ದಾಗ ಏನಂದೆ? 'ಹಿಂದೂಪುರ ಅಂತ ಹೇಳಾಕೆ ಇವ್ನಿಗೆ ನಾಲ್ಗೆ ಬಿದ್ದೋಗೈತಾ' ಅಂತ ರೋಡಲ್ಲಿ ನಿಂತು ಕೂಗಾಡ್ಲಿಲ್ವಾ? ಆವಾಗ ನಾನು ಒಂದ್ ಸೀರೆಗೋಸ್ಕರ ಯಾಕೆ ಅಂದ್ನಾ?"

ಸಾಯಿಕುಮಾರ್ ಎದ್ದು ತಾನೇ ಉಪ್ಪಿನ ಡಬ್ಬಿ ತಂದುಕೊಂಡ.

ಆ ತಿಂಗಳ ಕೊನೆಗೆ ಕಲ್ಯಾಣದುರ್ಗದಲ್ಲಿ ಸಾಯಿಕುಮಾರನ ಅಕ್ಕ ಪದ್ಮಾವತಮ್ಮನ ಮಗನ ಮದುವೆ. ಸಂಜೆ ಆರತಕ್ಷತೆಗೆ ಮಂಟಪದ ಮುಂದೆ ವೇದಿಕೆ ಕಟ್ಟಿ ಆರ್ಕೆಸ್ಟ್ರಾ ಇಟ್ಟಿದ್ದರು. ನೆಂಟರು ಸಾಲಾಗಿ ವಧೂವರರ ಹತ್ತಿರ ಹೋಗುತ್ತಿದ್ದರು, ಅತ್ತ ಬಿಸಿಬಿಸಿ ಹೋಳಿಗೆಯ ವಾಸನೆ. ಶೋಭಾ ಹಸಿರು ರೇಷ್ಮೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬಹಳ ದಿನಗಳ ಮೇಲೆ ಅವಳ ಮುಖ ಸ್ವಲ್ಪ ಸಡಿಲಾಗಿತ್ತು.

ಆರ್ಕೆಸ್ಟ್ರಾ ನಡೆಸುತ್ತಿದ್ದವನು ನರೇಂದ್ರ ಎಂಬಾತ. ಮಿಂಚುವ ಕೋಟು ಹಾಕಿಕೊಂಡು ತೆಲುಗು, ಕನ್ನಡ ಎರಡನ್ನೂ ಬೆರೆಸಿ ನಗಿಸುತ್ತಿದ್ದ. ನಾಲ್ಕಾರು ಹಾಡಾದ ಮೇಲೆ ದನಿ ತಗ್ಗಿಸಿ ಹೇಳಿದ:

"ಈಗ ಒಂದು ಸ್ಪೆಷಲ್ಲು. ಸತ್ತು ಸ್ವರ್ಗದಲ್ಲಿರೋ ಪೊನ್ಮಲರಮ್ಮ ಅಲ್ಲಿಂದ್ಲೇ ಹಾಡಿದ ಹಾಡು! ಉಪ್ಪುಕ್ಕಾಟ್ರು ಜೋಗುಳ, ನಮ್ಮ ತೆಲುಗಿನಲ್ಲಿ. ಹಾಡೋರು ಯಾರು? ಕಲ್ಯಾಣದುರ್ಗಂ ಜೂನಿಯರ್ ಪೊನ್ಮಲರ್! ಚಪ್ಪಾಳೆ!"

ಹಳದಿ ಸೀರೆಯ ಹೆಂಗಸೊಬ್ಬಳು ಮೈಕಿನ ಹತ್ತಿರ ಬಂದು ಜನರಿಗೆ ಕೈ ಮುಗಿದಳು. ಸಾಯಿಕುಮಾರ್ ಹೆಂಡತಿಯ ಕೈ ಹಿಡಿಯಲು ನೋಡಿದ. ಅಷ್ಟರಲ್ಲಿ ಅವಳು ವೇದಿಕೆಯ ಮೆಟ್ಟಿಲ ಮೇಲಿದ್ದಳು.

"ನಿಲ್ಸಪ್ಪಾ," ಎಂದಳು ನರೇಂದ್ರನಿಗೆ. "ಸುಳ್ಳು ಹೇಳ್ಬ್ಯಾಡ. ಆ ಹಾಡು ಪೊನ್ಮಲರಮ್ಮ ಹಾಡಿಲ್ಲ."

ಅವನು ಯಾರೋ ನೆಂಟರ ತಮಾಷೆಯೆಂದುಕೊಂಡು ಮೈಕನ್ನು ಅವಳ ಬಾಯಿಗೇ ಹಿಡಿದ. "ಹಂಗಾದ್ರೆ ಯಾರು ಹಾಡವ್ರಮ್ಮ? ನೀವಾ?"

ಜನ ನಕ್ಕರು. ಶೋಭಾಳ ನಾಲಿಗೆಯ ತುದಿಗೆ ಆ ಹೆಸರು ಬಂತು. ಇಡೀ ಮಂಟಪ ಕೇಳುತ್ತಿತ್ತು, ಹತ್ತಾರು ಫೋನುಗಳು ಎದ್ದು ನಿಂತು ವೀಡಿಯೋ ಮಾಡುತ್ತಿದ್ದವು. ಒಂದೇ ಮಾತು, ಅಷ್ಟೇ. ನನ್ನಾಣೆ ಎಂದಿದ್ದ ಹುಡುಗಿಯ ದನಿ ನೆನಪಾಯಿತು. ಶೋಭಾ ಹಲ್ಲು ಕಚ್ಚಿದಳು. ಸಿಟ್ಟು ಕಣ್ಣಿನಲ್ಲಿ ನೀರಾಗಿ ಬಂತು.

"ಒಬ್ಬ ಹುಡ್ಗಿ ಹಾಡವ್ಳೆ," ಎಂದಳು. "ಅವ್ಳ ಹೆಸ್ರು ನಂಗೆ ಗೊತ್ತು. ಹೇಳಂಗಿಲ್ಲ. ಹೇಳ್ದೇ ಇರಂಗೆ ಮಾಡ್ಬುಟ್ಟವ್ರೆ ಆ ಹಾಳಾದೋರು."

"ಪಾಪಂ, ಹೆಸರು ಮರ್ತೋಗೈತೆ ಅಮ್ಮಂಗೆ," ಎಂದ ನರೇಂದ್ರ. ಮತ್ತೆ ನಗು. ಪದ್ಮಾವತಮ್ಮ ಮದುಮಕ್ಕಳ ಪಕ್ಕದಿಂದ ಇಳಿದು ದಡದಡ ಬಂದಳು.

"ಶೋಭಾ, ಏನಮ್ಮ ಇದು? ಬೀಗ್ರು ಮುಂದೆ ಮಾನ ಕಳೀತಿದೀಯಲ್ಲ! ನನ್ ಮಗನ್ ಮದ್ವೇನೇ ಬೇಕಿತ್ತಾ ನಿನ್ ತಮಿಳು ಪಂಚಾಯ್ತಿಗೆ? ಇಳಿ ಕೆಳಿಕ್ಕೆ."

"ಇಳೀತೀನಿ ಅತ್ತಿಗೆ. ಒಂದ್ ಮಾತು ಕೇಳಿ ಇಳೀತೀನಿ." ಶೋಭಾ ಹಳದಿ ಸೀರೆಯವಳ ಕಡೆ ತಿರುಗಿದಳು. "ನಿನ್ ಹೆಸರೇನಮ್ಮ?"

ಆ ಹೆಂಗಸು ಗಾಬರಿಯಿಂದ ನರೇಂದ್ರನ ಮುಖ ನೋಡಿದಳು. "ಕಲ್ಯಾಣಿ," ಎಂದಳು, ಮೈಕಿಗೆ ಕೇಳದ ಹಾಗೆ.

"ನೋಡಪ್ಪಾ," ಎಂದಳು ಶೋಭಾ ನರೇಂದ್ರನಿಗೆ. "ಕಲ್ಯಾಣಿ ಅಂತೆ. ಕಣ್ಣ ಮುಂದೆ ನಿಂತವ್ಳೆ, ಕೈಯಲ್ಲಿ ಮೈಕೈತೆ. ಇವ್ಳಿಗೆ ಯಾರೂ ಸಹಿ ಹಾಕ್ಸಿಲ್ಲ, ಕೋರ್ಟಿಲ್ಲ, ಕಂಪ್ನಿ ಇಲ್ಲ. ಇವ್ಳ ಹೆಸ್ರು ಹೇಳಾಕೆ ನಿಂಗೇನ್ ರೋಗ? ಜೂನಿಯರ್ ಅಂತೆ! ಯಾವ ಜೂನಿಯರ್ರು?"

ಈ ಸಲ ಯಾರೂ ನಗಲಿಲ್ಲ. ನರೇಂದ್ರ, "ಅಮ್ಮಾ, ಜನಕ್ಕೆ ಹಿಡಿಸ್ಲಿ ಅಂತ ಹಂಗೆ ಹೇಳೋದು, ಅದ್ರಲ್ಲಿ ತಪ್ಪೇನು..." ಎನ್ನುತ್ತಿದ್ದ. ಕಲ್ಯಾಣಿ ಅವನ ಕಡೆ ನೋಡದೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನನ್ ಹೆಸ್ರು ಕಲ್ಯಾಣಿ," ಎಂದಳು. "ನಮ್ದು ಸೆಟ್ಟೂರು. ನಾನು ಈ ಆರ್ಕೆಸ್ಟ್ರಾದಾಗೆ ಬಾಳ ವರ್ಷದಿಂದ ಹಾಡ್ತಿದೀನಿ." ಕೀಬೋರ್ಡಿನವನಿಗೆ ಕಣ್ಸನ್ನೆ ಮಾಡಿ ಹಾಡು ಶುರು ಮಾಡಿದಳು.

ಮೇಲಿನ ಸ್ಥಾಯಿಯಲ್ಲಿ ಎರಡು ಕಡೆ ದನಿ ಒಡೆಯಿತು. ಶೋಭಾ ಮೆಟ್ಟಿಲ ಕೆಳಗೆ ನಿಂತೇ ಕೇಳಿದಳು. ಹಾಡು ಮುಗಿದಾಗ ಸೆಟ್ಟೂರಿನ ಕಡೆಯಿಂದ ಬಂದಿದ್ದ ಒಂದಷ್ಟು ನೆಂಟರು ಹಿಂದಿನಿಂದ "ಕಲ್ಯಾಣಕ್ಕಾ!" ಎಂದು ಕೂಗಿ ಶಿಳ್ಳೆ ಹೊಡೆದರು. ಪದ್ಮಾವತಮ್ಮ ಮಾತ್ರ ಅವತ್ತು ಶೋಭಾಳನ್ನು ಊಟಕ್ಕೆ ಕರೆಯಲಿಲ್ಲ. ಕಡೆಯ ಪಂಕ್ತಿಯಲ್ಲಿ ಗಂಡ ಹೆಂಡತಿ ತಾವೇ ಹೋಗಿ ಕೂತರು. ಸಾಯಿಕುಮಾರ್ ತನ್ನ ಎಲೆಯ ಹೋಳಿಗೆಯನ್ನು ಅವಳ ಎಲೆಗೆ ದಾಟಿಸಿ, "ಅಕ್ಕನ್ ಕಾಲಿಗೆ ನಾನ್ ಬೀಳ್ತೀನಿ, ನೀನು ಉಣ್ಣು," ಎಂದ.

ಪದ್ಮಾವತಮ್ಮ ಬಹಳ ಕಾಲ ಫೋನ್ ಮಾಡಲಿಲ್ಲ. ಸೊಸೆಯ ಸೀಮಂತಕ್ಕೆ ಕರೆಯಲು ಬಂದಾಗಲೂ ಸಾಯಿಕುಮಾರನ ಹತ್ತಿರವೇ ಮಾತಾಡಿ, ಹೊಸ್ತಿಲ ಆಚೆಯೇ ನಿಂತು ಹೋದಳು. ನರೇಂದ್ರ ಈಗಲೂ ಜೂನಿಯರ್ ಎಂದೇ ಕೂಗುತ್ತಾನೋ ಏನೋ ಗೊತ್ತಿಲ್ಲ. ಮದುವೆಮನೆಯ ವೀಡಿಯೋ ಎರಡು ದಿನ ಕಲ್ಯಾಣದುರ್ಗದ ಫೋನುಗಳಲ್ಲಿ ಓಡಾಡಿತು, 'ಪಿಚ್ಚಿ ಆಂಟಿ' ಎಂಬ ಹೆಸರಿನಲ್ಲಿ. ಹುಚ್ಚಿ ಎಂದರೂ ಶೋಭಾಗೆ ಬೇಸರವಾಗಲಿಲ್ಲ. ಅದು ದಿಂಡುಕ್ಕಲ್ ತಲುಪದಿರಲಿ ಎಂದಷ್ಟೇ ಅಂದುಕೊಂಡಳು.

ಚಿತ್ರ ಬಂತು. ಹಿಂದೂಪುರದಲ್ಲಿ ತೆಲುಗು ಡಬ್ಬಿಂಗಿನಲ್ಲಿ ಓಡಿತು. ಆದೆಮ್ಮ ಕರೆದರೂ ಶೋಭಾ ಹೋಗಲಿಲ್ಲ. ಆದೆಮ್ಮ ಮಗಳ ಜೊತೆ ಹೋಗಿ, ಕೊನೆಯಲ್ಲಿ ಹೆಸರುಗಳು ಮೇಲೇರುವಾಗ ಗೇಟಿನವನು ಹೊರಡಿ ಎಂದರೂ ಹೊರಡದೆ ನಿಂತು ನೋಡಿ ಬಂದಳು. "ನಿನ್ ಹುಡ್ಗಿ ಹೆಸ್ರು ಇಲ್ಲ ಕಣೇ. ಊಟ ಹಾಕ್ದೋರ ಹೆಸ್ರು ಐತೆ, ಜನರೇಟರ್‌ನೋರ ಹೆಸ್ರು ಐತೆ, ಅವ್ಳದಿಲ್ಲ," ಎಂದಳು. ಆದೆಮ್ಮನಿಗೆ ಆ ಹೆಸರು ಗೊತ್ತಿರಲಿಲ್ಲ, ಜೋಗುಳದ ಮುಂದೆ ಯಾವ ಹೆಂಗಸಿನ ಹೆಸರೂ ಇರಲಿಲ್ಲವೆಂದಷ್ಟೇ ಅವಳು ಹೇಳಿದ್ದು. ಶೋಭಾ ಕುಚ್ಚಿನ ಗಂಟನ್ನು ಎಷ್ಟು ಬಿಗಿದಳೆಂದರೆ ದಾರ ಹರಿಯಿತು.

ಹುಡುಗಿ ಆಗಾಗ ಫೋನ್ ಮಾಡುತ್ತಾಳೆ. ಕಂಪನಿಯವರು ಮತ್ತೊಮ್ಮೆ ಕರೆದರಂತೆ, ಇನ್ನೊಂದು ಚಿತ್ರಕ್ಕೆ, ಅದೇ ದನಿಯಲ್ಲಿ. ಹೋಗಲಿಲ್ಲ ಎಂದಳು. ಅದನ್ನು ಕೇಳಿ ಶೋಭಾ, "ಒಳ್ಳೇದ್ ಮಾಡ್ದೆ," ಎಂದು ಹೇಳಿದವಳು ಆ ಮೇಲೆ ಇಡೀ ದಿನ, ಒಳ್ಳೆಯದಾಯಿತೋ ಇಲ್ಲವೋ ಎಂದು ತಳಮಳಿಸಿದಳು. ಹೋಗಿದ್ದರೆ ಅವಳ ಮನೆಗೆ ಅನುಕೂಲವಾಗುತ್ತಿತ್ತೇನೋ. ಅಂಥ ಯೋಚನೆ ಮಾಡಿಸಿದ್ದಕ್ಕೂ ಆ ಕಂಪನಿಯ ಮೇಲೆ ಸಿಟ್ಟು ಬಂತು.

ಈಚೆಗೆ ಹುಡುಗಿ ತನ್ನದೇ ಹೆಸರಿನಲ್ಲಿ ಒಂದು ಹಾಡು ಮಾಡಿದ್ದಾಳೆ. ಅವಳ ಊರಿನ ಹುಡುಗರು ಸೇರಿಕೊಂಡು ತೆಗೆದ ಸಣ್ಣ ಚಿತ್ರಕ್ಕೆ. ಯೂಟ್ಯೂಬಿಗೆ ಹಾಕುವ ಮೊದಲು ಶೋಭಾಗೆ ಕಳಿಸಿ, ಹೇಗಿದೆ ಹೇಳಿ ಅಕ್ಕಾ ಎಂದು ಬರೆದಳು. ಶೋಭಾ ಸಾಯಿಕುಮಾರನಿಗೆ ಮಗ್ಗ ನಿಲ್ಲಿಸಲು ಹೇಳಿ, ಆದೆಮ್ಮನನ್ನು ಸುಮ್ಮನಿರಿಸಿ ಕೇಳಿದಳು. ಆಮೇಲೆ ಫೋನ್ ಬಾಯಿಗೆ ಹಿಡಿದು ತಮಿಳಿನಲ್ಲಿ ಬೈಯತೊಡಗಿದಳು:

"ಪಲ್ಲವಿ ಚೆನ್ನಾಗಿದೆ. ಚರಣದಲ್ಲಿ ಯಾಕೆ ಮತ್ತೆ ಪೊನ್ಮಲರಮ್ಮನ ಹಿಂದೆ ಹೋಗಿ ಬಚ್ಚಿಟ್ಟುಕೊಂಡೆ? ಆ ಎಳೆತ, ಆ ನಡುಕ ಎಲ್ಲ ಅವಳದು. ಅವಳದು ಅವಳಿಗಿರಲಿ. ನಿನಗೆ ಹೆಸರು ಕೊಡಲಿಲ್ಲ ಅಂತ ನಾನು ಊರೆಲ್ಲ ಜಗಳ ಆಡಿ ಬಂದಿದ್ದೇನೆ, ನೀನೇ ನಿನ್ನ ದನಿ ಕೊಡದಿದ್ದರೆ ಹೇಗೆ? ಎರಡನೇ ಚರಣ ಮತ್ತೆ ಹಾಡು. ಹಾಡಿ ಕಳಿಸು, ಕೇಳುತ್ತೇನೆ."